ಬೀಳಿತು

ಐದು ಅಂಕದ ಪ್ರಶ್ನೆ: ಮಗು ಮಾತು ಕಲಿಯುವುದು ಹೇಗೆ?
ಅನುಕರಣೆ, ಬಹುಮಾನ, ಪುನರಾವರ್ತನೆ
ಅಂತೆಲ್ಲ ಅಡಿಗೆರೆ ಎಳೆದುಕೊಂಡು
ಶಿಡ್ಲಘಟ್ಟದ ಈ ಮಹಡಿಯಲ್ಲಿ ಬಿ.ಎಡ್. ಓದುತ್ತೇನೆ.
ಕೆಳಗೆ ಫಿಲೇಚರ್. ಬೆಂದ ಹುಳುವಿನ ವಾಸನೆ
ಪುಟಪುಟಕ್ಕೂ ಹತ್ತಿದೆ.

ರುಮಾನಾಗೆ ಎರಡೂವರೆ.
ಅಮ್ಮನ ಹತ್ತಿರ ಉರ್ದು,
ನೂಲು ತೆಗೆವ ಗಂಗುಲಪ್ಪನ ಹತ್ತಿರ ತೆಲುಗು,
ಮೆಟ್ಟಿಲೇರಿ ಬಂದರೆ ನನಗೆ ಕನ್ನಡ.
ಯಾವ ಬೀಗಕ್ಕೆ ಯಾವ ಕೈ ಅಂತ
ಅವಳಿಗೆ ಹೇಳಿದವರಿಲ್ಲ.

ನಿನ್ನೆ ಅವಳ ಮುಷ್ಟಿಯಿಂದ ಒಂದು ಗೂಡು ಜಾರಿ
ಮೆಟ್ಟಿಲು ಮೆಟ್ಟಿಲು ಇಳಿದು ಹೋಯಿತು.
"ಬೀಳಿತು" ಅಂದಳು.

ಬೀಳಿತು!
ಅವಳಮ್ಮ ಅಂದದ್ದಲ್ಲ, ಗಂಗುಲಪ್ಪ ಅಂದದ್ದಲ್ಲ,
ಈ ಊರಲ್ಲಿ ದೊಡ್ಡವರು ಯಾರೂ ಯಾವತ್ತೂ ಅಂದದ್ದಲ್ಲ.
ಓಡಿತು, ಹಾಡಿತು, ಜಾರಿತು...
ಎಲ್ಲಿಂದಲೋ ಎಳೆಯ ತುದಿ ಹಿಡಿದು
ತಾನೇ ನೂತಿದ್ದಾಳೆ.

"ಬಿತ್ತು ಅನ್ನು, ಪುಟ್ಟಾ."
ಪೆದ್ದಿಗೆ ತಿಳಿಹೇಳುವ ಹಾಗೆ ನನ್ನ ಮುಖ ನೋಡಿ
"ಹ್ಞೂಂ. ಬೀಳಿತು."
ಬಿಸ್ಕತ್ತು ತೋರಿಸಿದೆ.
ಬಿಸ್ಕತ್ತು ಹೋಯಿತು, ಮಾತು ಹಾಗೇ ಉಳಿಯಿತು.

ರಾತ್ರಿ ಕರೆಂಟು ಹೋಗಿ
ಪೆನ್ನು ಕೈತಪ್ಪಿ ಕತ್ತಲಲ್ಲಿ ಎಲ್ಲೋ ಉರುಳಿತು.
ಕೋಣೆಯಲ್ಲಿ ನಾನೊಬ್ಬಳೇ.
"ಬೀಳಿತು" ಅಂದೆ.