ಚಂದ್ರನಿಲ್ಲದ ಪಾಳಿ

ಖೋಮಾಸ್ ದಿಣ್ಣೆಯ ಮೇಲೆ ಅಮಾವಾಸ್ಯೆಗೇ ಕೆಲಸ.
ಟಾರ್ಚ್ ಆರಿಸು ಅನ್ನುತ್ತಾಳೆ ಕವೆಟುನಾ,
ಬೀಡಿಯ ಕಿಡಿಯೂ ಈ ಕನ್ನಡಿಗಳಿಗೆ ಹೆಚ್ಚು.

ಸಾವಿರದಾರುನೂರು ವರ್ಷದ ಕೆಳಗೆ
ಚೇಳಿನ ಬಾಲದ ಹತ್ತಿರ ಸತ್ತದ್ದು
ಇನ್ನೂ ಒಡೆಯುತ್ತಲೇ ಇದೆ;
ಅಂಚಿನಲ್ಲಿ ಕಣಗಳನ್ನು ಒದ್ದು ಒದ್ದು
ಓಟ ಕಲಿಸುತ್ತಿದೆ.
ಅಲ್ಲಿಂದ ಬಂದ ಗಾಮಾ ಕಿರಣವೊಂದು ಗಾಳಿಗೆ ಬಡಿದು
ನೀಲಿ ಮಿನುಗಿ ಮುಗಿಯಿತು.
ರೆಪ್ಪೆ ಬಡಿಯುವ ಹೊತ್ತೆಂದರೆ ಇಲ್ಲಿ ಯುಗ.

ಎಕ್ಸ್‌ರೇ ಮಾತ್ರ ನೆಲಕ್ಕಿಳಿಯದು.
ಉಪಗ್ರಹ ಕಳಿಸಿದ ಚಿತ್ರ ಪರದೆಯ ಮೇಲೆ:
ನಡುವೆ ಮಬ್ಬು, ಅಂಚು ಬೆಳ್ಳಗೆ.
‘ಅಪ್ಪನ ಎದೆ,’ ಅಂದಳು.
ತ್ಸುಮೆಬ್ ಗಣಿ ಬಿಟ್ಟ ವರ್ಷ
ಆಸ್ಪತ್ರೆಯ ಕಿಟಕಿಗೆ ಹಿಡಿದು ನೋಡಿದ ಫಿಲ್ಮು,
ಪಕ್ಕೆಲುಬಿನ ಕಮಾನು, ಒಳಗೆ ಧೂಳು.

ನಾನು ಏನೇನೋ ಹೇಳಹೋದೆ,
ದೂರ, ಉಷ್ಣತೆ, ಎಲೆಕ್ಟ್ರಾನು.
ಅವಳು ಕೇಳಿದ್ದು ಒಂದೇ:
ಒಳಗೆ ಇನ್ನೂ ಬಿಸಿ ಇದೆಯಾ?
ಇದೆ ಅಂದೆ.
ಊರಲ್ಲಿ ಅವಳಜ್ಜಿ ಹಿರಿಯರ ಬೆಂಕಿಯ
ಬೂದಿ ಕೆದಕುತ್ತಾಳಂತೆ ದಿನಾ ಬೆಳಿಗ್ಗೆ,
ಉರಿಸಲಿಕ್ಕಲ್ಲ,
ಕೆಂಡ ಇದೆಯೋ ಇಲ್ಲವೋ ನೋಡಲಿಕ್ಕೆ.

ಮೂಡಲು ಬಿಳುಪಾಯಿತು. ಕ್ಯಾಮೆರಾದ ಬಾಗಿಲು ಮುಚ್ಚಿದೆವು.
ದಾಖಲೆ ಪುಸ್ತಕದಲ್ಲಿ ಅವಳ ಓರೆ ಅಕ್ಷರ:
ಬಬೂನುಗಳು ಮತ್ತೆ ಬೇಲಿ ಹತ್ತಿವೆ.