ಊಟದ ಬೆಲ್ಲು

ಚಿಂತಾಮಣಿಯ ನಮ್ಮ ಬಿ.ಎಡ್. ಕಾಲೇಜಿನಲ್ಲಿ ಬೆಲ್ಲೆಂದರೆ
ಹೊಂಗೆ ಕೊಂಬೆಗೆ ತಂತಿ ಬಿಗಿದು ತೂಗುಬಿಟ್ಟ
ಮೊಳದುದ್ದ ರೈಲು ಕಂಬಿ.
ಜವಾನ ಪಿಳ್ಳಪ್ಪ ಹೊಡೆಯುವ ಮುಂಚೆ
ಒಮ್ಮೆ ಕೆಮ್ಮುತ್ತಾನೆ.
ಆ ಕೆಮ್ಮಿಗೇ ಹಿಂದಿನ ಬೆಂಚು
ಟಿಫನ್ ಡಬ್ಬಿಯ ಕಡೆ ಕೈ ಚಾಚುತ್ತದೆ.

ಹೆರಿಗೆ ರಜೆ ಮುಗಿಸಿ ಬಂದ ತಿಂಗಳು
ಬೋರ್ಡಿನ ಮೇಲೆ ಬರೆದೆ: ಶಾಸ್ತ್ರೀಯ ಅನುಬಂಧನ.
ಗಂಟೆ, ಮಾಂಸ, ಜೊಲ್ಲು, ನಡುನಡುವೆ ಬಾಣದ ಗುರುತು.
ನಾಯಿ ಬರೆಯಲು ಹೋದೆ, ಮೇಕೆಯಾಯಿತು. ನಕ್ಕರು.
ಕೈವಾರದ ಕಡೆಯ ಸೊಣ್ಣೇಗೌಡ ಎದ್ದು ನಿಂತ:
"ನಾಯಿ ಯಾಕೆ ಮೇಡಂ? ನಮ್ಮ ಸೀಮೆಹಸು
ಬಕೆಟ್ಟಿನ ಹಿಡಿ ಕಿಣಿ ಅಂದರೆ ಸಾಕು,
ಕರು ಬೇಡ, ಹಿಂಡಿ ಬೇಡ, ಸೊರೆ ಬಿಡುತ್ತೆ.
ಬಕೆಟ್ಟೇ ನಿನ್ನ ಕರು ಅಂತ
ಅದಕ್ಕೆ ನಾವ್ಯಾರೂ ಹೇಳಿಕೊಟ್ಟಿಲ್ಲ."
ಮೇಕೆ ಒರೆಸಿ ಹಸು ಬರೆಯುವಷ್ಟರಲ್ಲಿ
ಪಿಳ್ಳಪ್ಪ ಕೆಮ್ಮಿದ.

ಹೇಳಬೇಕೋ ಬೇಡವೋ, ಹೇಳುತ್ತೇನೆ.
ಕಾಲೇಜಿನ ಹಿಂದೆ ಅವನ ಶೀಟಿನ ಮನೆ.
ಅಲ್ಲಿ ಅವನ ಹೆಂಡತಿ ನರಸಮ್ಮನ ಮಡಿಲಲ್ಲಿ ನನ್ನ ಮಗು.
ಊಟದ ಬೆಲ್ಲಿಗೆ ನಾನು ಓಡುವುದು,
ಕದ ಮುಂದೆ ಮಾಡುವುದು, ಅದು ಬಾಯಿ ಹಾಕುವುದು.
ಹದಿನೈದೇ ದಿನ ಹೀಗೆ.
ಆವತ್ತು ನಾನಿನ್ನೂ ಪಾಠದ ನಡುವೆ,
ಮಗು ಅಳುವೂ ಕೇಳದಷ್ಟು ದೂರ.
ಕಂಬಿ ಠಣ್ ಎಂದಿತು.
ಎದೆಯೊಳಗೆ ಸೂಜಿ ಸೂಜಿ, ಬಿಸಿ,
ರವಿಕೆಯ ಮೇಲೆ ನಾಣ್ಯದಷ್ಟು ಒದ್ದೆ.
ಹಾಜರಿ ಪುಸ್ತಕ ಎದೆಗೊತ್ತಿಕೊಂಡು
"ಉಳಿದದ್ದು ನಾಳೆ" ಎಂದೆ.
ಮುಂದಿನ ಬೆಂಚಿನ ಗಂಗರತ್ನ, ಎರಡು ಮಕ್ಕಳ ತಾಯಿ,
ತನ್ನ ಶಾಲು ತಂದುಕೊಟ್ಟಳು. ಏನೂ ಅನ್ನಲಿಲ್ಲ.

ವರ್ಷ ತುಂಬಿ ಮೂರು ತಿಂಗಳಿಗೆ
ಹಾಲು ಬಿಡಿಸಬೇಕೆಂದು ಅತ್ತೆ ಬೇವಿನೆಲೆ ಅರೆದು ಹಚ್ಚಿದರು.
ಮಗು ಬಾಯಿಟ್ಟಿತು. ಮುಖ ಕಿವುಚಿ
ನನ್ನನ್ನೇ ನೋಡಿತು, ಇಲ್ಲಿ ಬೇರೆ ಯಾರೋ
ಬಂದು ಕೂತಿದ್ದಾರೆ ಎಂಬಂತೆ.
ಮೂರೇ ಸಲ.
ಆಮೇಲೆ ಕೊತ್ತಂಬರಿ ಚಟ್ನಿ ಕಂಡರೆ ಅಳು.
ನುಗ್ಗೆಸೊಪ್ಪು ಬಿಡಿಸಲು ಕೂತರೆ ಅಳು.
ಮದುವೆಯ ಗಿಣಿಹಸಿರು ಸೀರೆಯುಟ್ಟು ಕೈ ಚಾಚಿದರೆ
ಗೋಡೆಯ ಕಡೆ ತಿರುಗಿತು.
ಪುಸ್ತಕದಲ್ಲಿ ಇದನ್ನು ಸಾಮಾನ್ಯೀಕರಣ ಎಂದಿದ್ದಾರೆ.
ಉದಾಹರಣೆ ಸಹಿತ ವಿವರಿಸಿ, ಐದು ಅಂಕ.

ಅದೇ ಸೀರೆಯನ್ನು ನೈಟಿಯ ಹಾಗೆ ದಿನವೂ ಉಟ್ಟೆ,
ಸೆರಗಿನ ತುದಿಗೆ ಬೆಲ್ಲದ ಚೂರು ಗಂಟು ಹಾಕಿ.
ಒಂಬತ್ತನೆಯ ದಿನ ಬಂದು ಹಿಡಿದೆಳೆಯಿತು.
ಸೆರಗನ್ನೋ, ಬೆಲ್ಲವನ್ನೋ, ನನ್ನನ್ನೋ,
ಬಾಣದ ಗುರುತು ಯಾವ ಕಡೆಗೆ ಹಾಕಲಿ?
ಅನುಬಂಧನದ ಕೊನೆಯ ಅಕ್ಷರ ಬಿಟ್ಟರೆ ಅನುಬಂಧ.
ಹಿಂದೊಂದು ಋಣ ಸೇರಿಸಿದರೆ
ನಮ್ಮಜ್ಜಿಯ ಮಾತು.

ಬೆಲ್ಲಿನದೂ ಮುಗಿಯಿತೆಂದುಕೊಂಡೆ.
ಠಣ್, ಮಗುವಿಲ್ಲ. ಠಣ್, ಮಗುವಿಲ್ಲ.
ಶ್ರಾವಣದ ಹೊತ್ತಿಗೆ ರವಿಕೆ ಒಣಗಿತು,
ಕಂಬಿ ಬರೀ ಕಂಬಿಯಾಯಿತು.
ತರಗತಿಗೆ ಹೇಳಿದೆ, ಇದಕ್ಕೆ ವಿಲೋಪನ ಎನ್ನುತ್ತಾರೆ.
"ಅಂದರೆ ಮರೆತಂತೆಯಾ ಮೇಡಂ?" ಗಂಗರತ್ನ ಕೇಳಿದಳು.
ಹೌದೆಂದೆ.

ದಸರಾ ರಜೆ ಕಳೆದು ಮೊದಲ ಸೋಮವಾರ.
ಅಂಬಾಜಿದುರ್ಗದ ಮೇಲೆ ಮೋಡ ಕೂತು
ಹನಿಯದೆ ಎದ್ದುಹೋದ ಮಧ್ಯಾಹ್ನ.
ಪಿಳ್ಳಪ್ಪ ಕೆಮ್ಮಿದ. ಠಣ್.
ಒಂದು ಸೂಜಿ. ಎಡಗಡೆ. ಒಂದೇ.
ಮಗು ಅಷ್ಟು ಹೊತ್ತಿಗೆ ಮನೆಯಲ್ಲಿ
ಅತ್ತೆಯ ಕೈಯಿಂದ ಮುದ್ದೆ ನುಂಗುವುದು ಕಲಿಯುತ್ತಿತ್ತು.
ಮಾತು ನಿಲ್ಲಿಸಿ ತಿರುಗಿದೆ,
"ಗಂಗರತ್ನ, ಅವತ್ತು ನೀನು ಕೇಳಿದ್ದಕ್ಕೆ
ನಾನು ತಪ್ಪು ಹೇಳಿದೆ..."

ಅವಳಾಗಲೇ, ಕೆಮ್ಮಿಗೇ ಎದ್ದು,
ಶಾಲು ಹಿಡಿದು ನಿಂತಿದ್ದಳು.