ಹನ್ನೊಂದರಿಂದ ಏಳು

ಬಾರ್ಮತ್‌ನ ಕಡಲಗೋಡೆಗೆ ಕೌನ್ಸಿಲ್ಲಿನ ಹೊಸ ಫಲಕ:
ರಾತ್ರಿ ಹನ್ನೊಂದರಿಂದ ಏಳರವರೆಗೆ
ವಾಹನದೊಳಗೆ ಮಲಗಕೂಡದು.
ನಿಲ್ಲಿಸಕೂಡದು ಎಂದಿಲ್ಲ.

ವ್ಯಾನಿನ ಕಿಟಕಿ ತಟ್ಟಿದೆ.
ಗ್ವೆನ್ನೋ ಕಂಬಳಿಯೊಳಗಿಂದಲೇ ಗಾಜಿಳಿಸಿ,
"ಮಲಗಿಲ್ಲವಲ್ಲ ಇಡ್ವಲ್, ಅಲೆ ಎಣಿಸ್ತಿದ್ದೇನೆ,
ಅದಕ್ಕೂ ದಂಡ ಉಂಟೇನು?"

ಅವಳಿದ್ದ ಮನೆ ಈಗ ಬೇಸಿಗೆಯವರ ಬಾಡಿಗೆಗೆ.
ನೀಲಿ ಬಾಗಿಲು, ಕೀಲಿಯ ಬದಲು ನಾಲ್ಕು ಅಂಕಿ.
ಆ ಮಾತು ಇಬ್ಬರೂ ಎತ್ತಲಿಲ್ಲ.
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟಳು.
ಸೇತುವೆಯ ಮೇಲೆ ಕೊನೆಯ ರೈಲು, ಖಾಲಿ.

'ತಪಾಸಣೆ ಮುಂದುವರಿದಿದೆ' ಎಂದು ಗೀಚಿ
ಬಂದು ನನ್ನ ಕಾರಿನ ಸೀಟನ್ನು
ಚೂರೇ ಚೂರು ಒರಗಿಸಿದೆ.

ಗಾಜಿನ ಮೇಲೆ ಟಕಟಕ.
ಏಳಕ್ಕೆ ಇನ್ನೂ ಐದು ನಿಮಿಷ.
ಹೊರಗೆ ಗ್ವೆನ್ನೋ, ನಿದ್ದೆಗೆಟ್ಟ ಕೆಂಗಣ್ಣು,
ಕೈಯಲ್ಲಿ ನಾನು ಅವಳಲ್ಲೇ ಮರೆತ ದಂಡದ ಪುಸ್ತಕ:
"ಪೂರ್ತಿ ಹೆಸರು ಹೇಳಪ್ಪ."